ಗ್ಲಿಸರಿನ್ ಸೇವನೆ: ದ್ರವವೋ, ಪುಡಿಯೋ?

ಗ್ಲಿಸರಿನ್ ಕನ್ನಡಿಗರ ಮನೆಗಳಿಗೆ ಹೊಸ ಪದಾರ್ಥವೇನೂ ಅಲ್ಲ. ಚಳಿಗಾಲದಲ್ಲಿ ಒಡೆದ ತುಟಿಗೆ, ಬಾಯಿಹುಣ್ಣಿಗೆ, ಗಂಟಲ ನೋವಿಗೆ ಹಚ್ಚುವ ಔಷಧಿಗಳಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ಉದ್ಯೋಗವನ್ನರಸಿ ಮದರಾಸಿಗೆ ಬಂದು ನೆಲೆಸಿದ ಕುಟುಂಬಗಳ ಔಷಧದ ಗೂಡಿನಲ್ಲಿಯೂ ಅದರ ಪುಟ್ಟ ಸೀಸೆಗೆ ಒಂದು ಸ್ಥಾನವಿದ್ದಿತು. ಈಚಿನ ವರ್ಷಗಳಲ್ಲಿ ಅದೇ ಪದಾರ್ಥ ಹೊಸ ವೇಷ ಧರಿಸಿ ವ್ಯಾಯಾಮಶಾಲೆಗಳ ಕಪಾಟನ್ನು ಸೇರಿದೆ. ಸ್ನಾಯುಗಳು ಉಬ್ಬಿ ಕಾಣಲು, ಬಿಸಿಲಿನಲ್ಲಿ ಬಳಲದೆ ಓಡಲು ಇದು ಸಹಾಯಕವೆಂದು ಪ್ರಚಾರ ನಡೆದಿದೆ. ಹಿರಿಯರು ಹಚ್ಚಿಕೊಳ್ಳುತ್ತಿದ್ದುದನ್ನು ಕಿರಿಯರು ಕುಡಿಯತೊಡಗಿದ್ದಾರೆ.

ಇದು ಪೇಟೆಯಲ್ಲಿ ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದು, ಜೇನಿನಂತೆ ಮಂದವಾದ, ಬಣ್ಣವಿಲ್ಲದ ದ್ರವ. ಇನ್ನೊಂದು, ಡಬ್ಬಿಗಳಲ್ಲಿ ಬರುವ ಬಿಳಿಯ ಪುಡಿ. ಎರಡರಲ್ಲಿ ಯಾವುದು ಮೇಲೆಂಬ ಚರ್ಚೆ ತರುಣರಲ್ಲಿ ಆಗಾಗ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ಕೇವಲ ಅನುಕೂಲದ ಪ್ರಶ್ನೆಯಂತೆ ತೋರಬಹುದು. ಆದರೆ ಸತ್ವ, ಬೆಲೆ, ಶುದ್ಧಿ ಎಂಬ ಮೂರು ತಲೆಬರಹಗಳ ಕೆಳಗೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಮೊದಲ ಎರಡರಲ್ಲಿ ದ್ರವವೇ ಗೆಲ್ಲುತ್ತದೆ. ಮೂರನೆಯದರಲ್ಲಿ ಮಾತ್ರ ಕೊಳ್ಳುವವನು ಎಚ್ಚರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ದ್ರವವೋ ಪುಡಿಯೋ ಎಂದು ಕೇಳುವುದಕ್ಕೆ ಮುಂಚೆ, ಇದು ಎಲ್ಲಿಂದ ಬಂದಿತು, ಯಾವ ದರ್ಜೆಯದು ಎಂದು ಕೇಳುವುದೇ ವಿವೇಕ.

ಪದಾರ್ಥದ ಪರಿಚಯ

ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸಿದಾಗ ಸಿಹಿಯಾದ ದ್ರವವೊಂದು ದೊರೆಯಿತು. ಫ್ರಾನ್ಸಿನ ಶೆವ್ರೆಲ್ ಮುಂದೆ ಅದಕ್ಕೆ ಸಿಹಿ ಎಂಬ ಅರ್ಥದ ಗ್ರೀಕ್ ಪದದಿಂದ ಗ್ಲಿಸರಿನ್ ಎಂದು ಹೆಸರಿಟ್ಟನು. ಶಾಸ್ತ್ರದ ಭಾಷೆಯಲ್ಲಿ ಅದೇ ಗ್ಲಿಸರಾಲ್. ಎಣ್ಣೆ, ತುಪ್ಪ, ಕೊಬ್ಬು ಇವೆಲ್ಲದರ ಬೆನ್ನೆಲುಬಾಗಿ ಈ ವಸ್ತುವಿದೆ. ಎಣ್ಣೆಯನ್ನು ಕ್ಷಾರದೊಡನೆ ಕುದಿಸಿ ಸಾಬೂನು ಮಾಡುವಾಗ ಅದು ಉಪೋತ್ಪನ್ನವಾಗಿ ಬೇರ್ಪಡುತ್ತದೆ. ಸಸ್ಯತೈಲಗಳಿಂದ ಜೈವಿಕ ಡೀಸೆಲ್ ತಯಾರಿಸುವಾಗಲೂ ಕಚ್ಚಾ ಗ್ಲಿಸರಿನ್ ಹೇರಳವಾಗಿ ಉಳಿಯುತ್ತದೆ. ಹೀಗೆ ಹಲವು ಮೂಲಗಳಿಂದ ಬರುವುದರಿಂದಲೇ ಅದಕ್ಕೆ ಹಲವು ದರ್ಜೆಗಳೂ ಇವೆ. ಬಣ್ಣ, ಶಾಯಿ, ಪ್ಲಾಸ್ಟಿಕ್ ಮುಂತಾದ ಕೈಗಾರಿಕೆಗಳಿಗೆ ಬೇಕಾದುದು ಒಂದು ದರ್ಜೆ; ಔಷಧ ಮತ್ತು ಆಹಾರಕ್ಕೆ ಬೇಕಾದುದು ಮತ್ತೊಂದು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣಬಹುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಶರೀರದಲ್ಲಿ ಅದರ ಕೆಲಸ

ಕುಡಿದ ಗ್ಲಿಸರಾಲ್ ಬೇಗನೆ ರಕ್ತಗತವಾಗಿ ದೇಹದ ದ್ರವಗಳಲ್ಲೆಲ್ಲ ಹರಡಿಕೊಳ್ಳುತ್ತದೆ. ಅದು ನೀರನ್ನು ತನ್ನೆಡೆಗೆ ಸೆಳೆಯುವ ಗುಣವುಳ್ಳದ್ದು. ಮೂತ್ರಪಿಂಡಗಳು ಅದನ್ನು ಮರಳಿ ಹೀರಿಕೊಳ್ಳುವಾಗ ಅದರೊಡನೆ ನೀರೂ ದೇಹದಲ್ಲಿ ಉಳಿಯುತ್ತದೆ. ಬರಿಯ ನೀರನ್ನು ಕುಡಿದರೆ ಒಂದೆರಡು ಗಂಟೆಗಳಲ್ಲಿ ಹೆಚ್ಚಿನ ಅಂಶ ಮೂತ್ರವಾಗಿ ಹೋಗುತ್ತದೆ. ಗ್ಲಿಸರಾಲ್ ಬೆರೆಸಿ ಕುಡಿದರೆ ಅದಕ್ಕಿಂತ ಅರ್ಧ ಲೀಟರಿನ ಆಸುಪಾಸು ಹೆಚ್ಚು ನೀರು ಕೆಲವು ಗಂಟೆಗಳ ಕಾಲ ಉಳಿಯುವುದೆಂದು 1980ರ ದಶಕದ ಕೊನೆಯಿಂದ ನಡೆದ ಪ್ರಯೋಗಗಳು ತೋರಿಸಿವೆ.

ಚೆನ್ನೈಯಂಥ ಊರಿನಲ್ಲಿ ಇದು ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಿರಲಿ, ಇತರ ತಿಂಗಳುಗಳಲ್ಲಿಯೂ ಸಮುದ್ರದ ತೇವದಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಮುಂಜಾನೆ ಮರೀನಾ ತೀರದಲ್ಲಿ ಓಡುವವರ ಅಂಗಿ ಅರ್ಧ ಗಂಟೆಯೊಳಗೆ ತೊಯ್ದು ತೊಪ್ಪೆಯಾಗುತ್ತದೆ. ಅಂಥಲ್ಲಿ ಮುಂಚಿತವಾಗಿಯೇ ನೀರನ್ನು ಸಂಗ್ರಹಿಸಿಟ್ಟುಕೊಳ್ಳುವ ಉಪಾಯಕ್ಕೆ ಬೆಲೆಯಿದೆ. ಆದರೂ ಪ್ರಯೋಗಗಳ ಫಲಿತಾಂಶ ಏಕರೂಪವಾಗಿಲ್ಲ. ಸೆಕೆಯಲ್ಲಿ ದೀರ್ಘಕಾಲ ಶ್ರಮಿಸುವವರಿಗೆ ಪ್ರಯೋಜನವಾಯಿತೆಂದು ಕೆಲವು ಹೇಳಿದರೆ, ವ್ಯತ್ಯಾಸವೇ ಕಾಣಲಿಲ್ಲವೆಂದು ಮತ್ತೆ ಕೆಲವು ಹೇಳುತ್ತವೆ. ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯು 2010ರಲ್ಲಿ ಗ್ಲಿಸರಾಲನ್ನು ನಿಷೇಧಿತ ಪಟ್ಟಿಗೆ ಸೇರಿಸಿ, 2018ರ ಜನವರಿ 1ರಿಂದ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ನಿಷೇಧ ತೆರವಾದುದನ್ನೇ ಕೆಲವು ಮಾರಾಟಗಾರರು ಪ್ರಶಸ್ತಿಪತ್ರದಂತೆ ತೋರಿಸುತ್ತಾರೆ. ನಿಷೇಧವಿಲ್ಲ ಎಂದರೆ ಅಗತ್ಯವಿದೆ ಎಂದು ಅರ್ಥವಲ್ಲ.

ಭಾರ ಎತ್ತುವ ತರುಣರು ಬಯಸುವುದು ಮಾತ್ರ ಇದಲ್ಲ, ಸ್ನಾಯುಗಳ ಉಬ್ಬು. ಆ ಉಬ್ಬು ನೀರಿನದು, ಮಾಂಸದ್ದಲ್ಲ. ಕೆಲವು ಗಂಟೆಗಳಲ್ಲಿ ಅದು ಇಳಿದುಹೋಗುತ್ತದೆ. ಕನ್ನಡಿಯ ಮುಂದೆ ಬಂದ ಲಾಭ ಸ್ನಾನದ ಮನೆಯಲ್ಲಿ ಖರ್ಚಾಗುತ್ತದೆ.

ಸತ್ವದ ಲೆಕ್ಕ

ಔಷಧ ದರ್ಜೆಯ ದ್ರವ ಗ್ಲಿಸರಿನ್‌ನಲ್ಲಿ ಶೇಕಡಾ 99ಕ್ಕೂ ಮೇಲ್ಪಟ್ಟು ಗ್ಲಿಸರಾಲ್ ಇರುವುದುಂಟು. ಅದು ನೀರಿಗಿಂತ ಭಾರ. ಒಂದು ಮಿಲಿಲೀಟರ್ 1.26 ಗ್ರಾಂ ತೂಗುತ್ತದೆ. ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಮಂದವಾಗಿ, ಅಂಟಂಟಾಗಿ, ಬಲು ಸಿಹಿಯಾಗಿರುವುದು ಅದರ ದೋಷ. ಸಾಕಷ್ಟು ನೀರು ಬೆರೆಸದೆ ಕುಡಿದವರಿಗೆ ಹೊಟ್ಟೆ ತೊಳಸಿ ಓಕರಿಕೆ ಬರುವುದು ಸಾಮಾನ್ಯ.

ಪುಡಿಗಳಲ್ಲಿ ಎರಡು ಬಗೆ. ಮೊದಲನೆಯದು ಗ್ಲಿಸರಾಲ್ ಮಾನೋಸ್ಟಿಯರೇಟ್. ಬ್ರೆಡ್ಡು, ಐಸ್‌ಕ್ರೀಮುಗಳ ಪೊಟ್ಟಣಗಳ ಮೇಲೆ 471 ಎಂಬ ಸಂಖ್ಯೆಯಿಂದ ಸೂಚಿಸುವ ಮಿಶ್ರಣಕಾರಕಗಳ ವರ್ಗಕ್ಕೆ ಸೇರಿದುದು ಇದು. ಇದರಲ್ಲಿ ಗ್ಲಿಸರಾಲಿಗೆ ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನ ಅಂಶ ಅಂಟಿಕೊಂಡಿದೆ. ತೂಕದಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಗ್ಲಿಸರಾಲ್, ಉಳಿದ ಮೂರು ಪಾಲು ಕೊಬ್ಬು. ನೀರಿನಲ್ಲಿ ಕರಗದೆ ತೇಲುತ್ತದೆ. ಇದನ್ನು ಗ್ಲಿಸರಾಲ್ ಎಂದು ಮಾರುವುದು, ತೆಂಗಿನಕಾಯಿಯನ್ನು ಸಿಪ್ಪೆಸಮೇತ ತೂಗಿ ಕೊಬ್ಬರಿಯ ಬೆಲೆ ಕೇಳಿದಂತೆ. ಎರಡನೆಯದು ಈಚಿನದು: ನಿಜವಾದ ಗ್ಲಿಸರಾಲನ್ನೇ ಸಿಲಿಕಾದಂಥ ವಸ್ತುವಿಗೆ ಹೀರಿಸಿ ಪುಡಿಯಾಗಿಸಿದುದು. ಇಂಥ ಉತ್ತಮ ತಯಾರಿಕೆಗಳು ಶೇಕಡಾ 65ರಷ್ಟು ಗ್ಲಿಸರಾಲ್ ಇದೆಯೆಂದು ಚೀಟಿಯ ಮೇಲೆ ನಮೂದಿಸುತ್ತವೆ. ಮೊದಲನೆಯ ಬಗೆಗಿಂತ ಇದು ಎಷ್ಟೋ ಮೇಲು.

ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸಿದ ಪ್ರಮಾಣ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 1.2 ಗ್ರಾಂ ಗ್ಲಿಸರಾಲ್. ಜೊತೆಗೆ ಕಿಲೋ ಒಂದಕ್ಕೆ 20ರಿಂದ 26 ಮಿಲಿಲೀಟರ್ ನೀರು. 60 ಕಿಲೋ ತೂಕದವನೊಬ್ಬನನ್ನು ಲೆಕ್ಕಕ್ಕೆ ಹಿಡಿದರೆ ಕನಿಷ್ಠ 60 ಗ್ರಾಂ ಗ್ಲಿಸರಾಲ್ ಮತ್ತು ಸುಮಾರು ಒಂದೂಕಾಲು ಲೀಟರಿನಿಂದ ಒಂದೂವರೆ ಲೀಟರ್ ನೀರು ಆಗುತ್ತದೆ. ಆ 60 ಗ್ರಾಂ ಪಡೆಯಲು ದ್ರವವಾದರೆ ಸುಮಾರು 48 ಮಿಲಿಲೀಟರ್ ಸಾಕು. ಶೇಕಡಾ 65ರ ಪುಡಿಯಾದರೆ 92 ಗ್ರಾಂ ಬೇಕು. ಮಾನೋಸ್ಟಿಯರೇಟ್ ಆದರೆ 230 ಗ್ರಾಮಿಗೂ ಮೀರಿ ಬೇಕು; ಅಷ್ಟನ್ನು ಯಾರೂ ನುಂಗಲಾರರು, ನುಂಗಲೂಬಾರದು.

ಈಗ ಡಬ್ಬಿಯೊಳಗಿನ ಚಮಚವನ್ನು ನೋಡೋಣ. ವ್ಯಾಯಾಮಕ್ಕೆ ಮುಂಚಿನ ಮಿಶ್ರಣಗಳಲ್ಲಿ ಒಂದು ಸಲದ ಪ್ರಮಾಣಕ್ಕೆ ಎರಡು ಮೂರು ಗ್ರಾಂ ಗ್ಲಿಸರಾಲ್ ಪುಡಿಯನ್ನು ಸೇರಿಸುವುದು ವಾಡಿಕೆ. ಮೂರು ಗ್ರಾಂ ಪುಡಿಯಲ್ಲಿ ಶೇಕಡಾ 65ರ ಲೆಕ್ಕದಲ್ಲಿ ಗ್ಲಿಸರಾಲ್ ಇರುವುದು ಎರಡು ಗ್ರಾಂ ಮಾತ್ರ. ಅಂದರೆ ಪ್ರಯೋಗಗಳಲ್ಲಿ ಬಳಸಿದುದರ ಮೂವತ್ತರಲ್ಲಿ ಒಂದು ಪಾಲು. ಪ್ರಯೋಗದ ಹೆಸರನ್ನು ಜಾಹೀರಾತಿನಲ್ಲಿ ಹೇಳಿ, ಅದರ ಮೂವತ್ತನೆಯ ಒಂದಂಶವನ್ನು ಡಬ್ಬಿಯಲ್ಲಿಡುವುದು ನ್ಯಾಯವಾದ ವ್ಯಾಪಾರವೆನಿಸದು.

ಬೆಲೆಯ ಲೆಕ್ಕ

ಬೆಲೆಯನ್ನು ಡಬ್ಬಿಯ ಗಾತ್ರದಿಂದ ಅಳೆಯಬಾರದು, ಒಳಗಿರುವ ಸತ್ವದ ಗ್ರಾಮಿನಿಂದ ಅಳೆಯಬೇಕು. ಲೆಕ್ಕದ ರೀತಿಯನ್ನು ತೋರಿಸಲು ಕೆಲವು ಕಲ್ಪಿತ ಬೆಲೆಗಳನ್ನು ಹಿಡಿಯಬಹುದು. 200 ಗ್ರಾಂ ತೂಕದ, ಶೇಕಡಾ 65ರ ಪುಡಿಯ ಡಬ್ಬಿಗೆ 1300 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಗ್ಲಿಸರಾಲ್ 130 ಗ್ರಾಂ. ಗ್ರಾಮಿಗೆ 10 ರೂಪಾಯಿ ಬಿದ್ದಿತು. 400 ಮಿಲಿಲೀಟರ್ ದ್ರವಕ್ಕೆ 500 ರೂಪಾಯಿ ಎಂದರೆ, ತೂಕ ಸುಮಾರು 500 ಗ್ರಾಂ. ಗ್ರಾಮಿಗೆ ಒಂದು ರೂಪಾಯಿ. ನಿಜವಾದ ಬೆಲೆಗಳನ್ನು ಹಾಕಿ ಇದೇ ಗಣಿತವನ್ನು ಯಾರು ಬೇಕಾದರೂ ಅಂಗಡಿಯಲ್ಲಿ ನಿಂತಲ್ಲಿಯೇ ಮಾಡಬಹುದು. ಶೇಕಡಾ ಎಷ್ಟೆಂದು ಚೀಟಿಯಲ್ಲಿ ಬರೆಯದ ಡಬ್ಬಿಗೆ ಈ ಗಣಿತ ಅನ್ವಯಿಸುವುದಿಲ್ಲ. ಅಂಥ ಡಬ್ಬಿಯನ್ನು ಕೊಳ್ಳದಿರುವುದೇ ಉಳಿತಾಯ.

ಚೆನ್ನೈಯ ಹವೆಯೂ ಪುಡಿಗೆ ಪ್ರತಿಕೂಲ. ಗ್ಲಿಸರಾಲ್ ಗಾಳಿಯ ತೇವವನ್ನು ಸೆಳೆದುಕೊಳ್ಳುವುದರಿಂದ, ಒಮ್ಮೆ ಬಾಯಿ ತೆರೆದ ಡಬ್ಬಿಯಲ್ಲಿ ಪುಡಿ ಗಂಟುಗಟ್ಟತೊಡಗುತ್ತದೆ. ಐಪ್ಪಸಿ ಕಾರ್ತಿಕದ ಮಳೆಯ ದಿನಗಳಲ್ಲಿ ಅದು ಕಲ್ಲಾಗುವುದೂ ಉಂಟು. ಗಂಟಾದ ಪುಡಿಯನ್ನು ಚಮಚದಲ್ಲಿ ಅಳೆದರೆ ಅಳತೆ ತಪ್ಪುತ್ತದೆ. ದ್ರವವೂ ತೇವವನ್ನು ಹೀರುವುದಾದರೂ, ಬಿರಡೆ ಬಿಗಿಯಾಗಿದ್ದರೆ ತೊಂದರೆ ಕಡಿಮೆ. ಪುಡಿಯ ಪರವಾಗಿ ಹೇಳಬಹುದಾದುದು ಇಷ್ಟೇ: ಪ್ರಯಾಣದಲ್ಲಿ ಚೆಲ್ಲುವ ಭಯವಿಲ್ಲ, ಅಂಟು ಇಲ್ಲ, ಸಿಹಿಯ ಕಾಟ ಕಡಿಮೆ. ಇಷ್ಟಕ್ಕಾಗಿ ಹಲವು ಪಟ್ಟು ಹಣ ತೆರಬೇಕೇ ಎಂಬುದು ಅವರವರ ವಿವೇಚನೆಗೆ ಬಿಟ್ಟದ್ದು.

ಶುದ್ಧಿಯ ಪ್ರಶ್ನೆ

ಇಲ್ಲಿಯವರೆಗಿನ ಲೆಕ್ಕದಲ್ಲಿ ದ್ರವವೇ ಲಾಭಕರ. ಆದರೆ ಅಪಾಯ ಅಡಗಿರುವುದೂ ಈ ಅಗ್ಗದ ಬೆಲೆಯಲ್ಲಿಯೇ. ಅಗ್ಗವಾದುದನ್ನು ಇನ್ನೂ ಅಗ್ಗವಾಗಿ ಕೊಳ್ಳಬೇಕೆಂಬ ಆಸೆ ಮನುಷ್ಯಸಹಜ. ರಾಸಾಯನಿಕ ವಸ್ತುಗಳ ಅಂಗಡಿಗಳಲ್ಲಿ ಕೈಗಾರಿಕೆಗಾಗಿ ಇಟ್ಟ ಗ್ಲಿಸರಿನ್ ಡಬ್ಬಗಟ್ಟಲೆ ದೊರೆಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ತಿಳಿಯಾಗಿರುವುದೆಲ್ಲ ಗ್ಲಿಸರಿನ್ ಅಲ್ಲ ಎಂದು ಓದಿಕೊಳ್ಳಬೇಕು. ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕವೂ ಬಣ್ಣವಿಲ್ಲದ್ದು, ರುಚಿಗೆ ಸಿಹಿಯಾದುದು. ಆದರೆ ಅದು ಮೂತ್ರಪಿಂಡಗಳನ್ನು ನಾಶಮಾಡುವ ವಿಷ. ಔಷಧ ದರ್ಜೆಯ ಗ್ಲಿಸರಿನ್‌ನಲ್ಲಿ ಅದು ಶೇಕಡಾ 0.1ನ್ನು ಮೀರಕೂಡದೆಂಬ ಮಿತಿ ಇರುವುದು ಈ ಕಾರಣಕ್ಕಾಗಿ.

ಇದು ಪುಸ್ತಕದ ಭಯವಲ್ಲ. 1937ರಲ್ಲಿ ಅಮೆರಿಕದಲ್ಲಿ ಈ ದ್ರಾವಕದಲ್ಲಿ ಕರಗಿಸಿದ ಸಲ್ಫಾ ಔಷಧಿಯಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಆ ದೇಶ ತನ್ನ ಔಷಧ ಕಾನೂನನ್ನು ಬಿಗಿಗೊಳಿಸಿತು. ಮದರಾಸಿನ ಎಗ್ಮೋರಿನ ಮಕ್ಕಳ ಆಸ್ಪತ್ರೆಯಲ್ಲಿ 1972ರಲ್ಲಿ ಇದೇ ವಿಷ ಸೇರಿದ್ದ ಔಷಧಿಯಿಂದ ಹತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ಮಂದಿ ರೋಗಿಗಳು ಮೃತಪಟ್ಟರು. ಅವರಿಗೆ ಕೊಟ್ಟಿದ್ದುದು ಬೇರಾವ ಔಷಧಿಯೂ ಅಲ್ಲ, ಕುಡಿಯುವ ಗ್ಲಿಸರಿನ್. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಅವರ ಆಯೋಗವು ಈ ಪ್ರಕರಣದ ವಿಚಾರಣೆ ನಡೆಸಿತು. ಇವೆಲ್ಲ ಹಳೆಯ ಕಥೆಗಳೆಂದು ತಳ್ಳಿಹಾಕುವಂತಿಲ್ಲ. 2025ರಲ್ಲಿ ಚೆನ್ನೈಗೆ ಸಮೀಪದ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೆಮ್ಮಿನ ಔಷಧಿಯನ್ನು ಸೇವಿಸಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರಾಂತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರಲ್ಲಿ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇದ್ದುದು ತಮಿಳುನಾಡಿನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂದಿತು. ಅಲ್ಲಿ ಬಳಸಿದ್ದ ದ್ರಾವಕ ಗ್ಲಿಸರಿನ್ ಅಲ್ಲ, ಪ್ರೊಪಿಲೀನ್ ಗ್ಲೈಕಾಲ್ ಎಂಬ ಬೇರೊಂದು ವಸ್ತು. ಆದರೆ ಪಾಠ ಒಂದೇ: ಸಿಹಿಯಾದ, ತಿಳಿಯಾದ ದ್ರವವನ್ನು ಪರೀಕ್ಷಿಸದೆ ನಂಬಿದಲ್ಲಿ ಮೃತ್ಯು ಹೊಂಚುಹಾಕಿರುತ್ತದೆ.

ಹಾಗಾದರೆ ಪುಡಿಯೇ ನಿರಪಾಯವೆಂದು ವಾದಿಸುವವರುಂಟು. ಈ ವಾದ ನಿಲ್ಲುವುದಿಲ್ಲ. ಪುಡಿಯನ್ನು ಮಾಡುವುದೂ ದ್ರವದಿಂದಲೇ. ಮೂಲ ಕೆಟ್ಟಿದ್ದರೆ ರೂಪ ಬದಲಾದ ಮಾತ್ರಕ್ಕೆ ದೋಷ ಕಳೆಯದು. ಶುದ್ಧಿಯನ್ನು ಕೊಡುವುದು ರೂಪವಲ್ಲ, ತಯಾರಿಕೆಯಲ್ಲಿನ ಪ್ರಾಮಾಣಿಕತೆ ಮತ್ತು ಪರೀಕ್ಷೆ.

ಕೊಳ್ಳುವವರು ಗಮನಿಸಬೇಕಾದುದು

ಸೇವನೆಗೆಂದು ಗ್ಲಿಸರಿನ್ ಕೊಳ್ಳುವವರು ಭಾರತೀಯ ಔಷಧಕೋಶದ ದರ್ಜೆಯದೆಂದೋ ಆಹಾರ ದರ್ಜೆಯದೆಂದೋ ಸ್ಪಷ್ಟವಾಗಿ ಮುದ್ರಿತವಾದ, ಮೊಹರು ಒಡೆಯದ ಸೀಸೆಯನ್ನೇ ಕೊಳ್ಳಬೇಕು. ತಯಾರಕರ ಹೆಸರು, ವಿಳಾಸ, ತಂಡದ ಸಂಖ್ಯೆ, ತಯಾರಾದ ಮತ್ತು ಮುಗಿಯುವ ದಿನಾಂಕ ಇರಬೇಕು. ಆಹಾರಪೂರಕವಾಗಿ ಮಾರುವ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಲೇಬೇಕು. ಬಾಹ್ಯೋಪಯೋಗಕ್ಕೆ ಮಾತ್ರ ಎಂದು ಬರೆದ ಸೀಸೆಯನ್ನು ಬಾಯಿಗೆ ತರಕೂಡದು. ದೊಡ್ಡ ಡಬ್ಬದಿಂದ ಚಿಕ್ಕ ಸೀಸೆಗಳಿಗೆ ಸುರಿದು ಮಾರುವುದನ್ನು, ಎಷ್ಟೇ ಪರಿಚಿತರು ಕೊಟ್ಟರೂ, ಸ್ವೀಕರಿಸಬಾರದು. ಬಣ್ಣ, ವಾಸನೆ, ರುಚಿ ನೋಡಿ ಮನೆಯಲ್ಲಿ ಶುದ್ಧಿಯನ್ನು ಕಂಡುಹಿಡಿಯುವ ಉಪಾಯ ಇಲ್ಲ. ಬ್ಯಾಂಕಿಗೆ ಬಂದ ಹುಂಡಿಯನ್ನು ಸಹಿ, ದಿನಾಂಕ ನೋಡದೆ ಯಾವ ಗುಮಾಸ್ತೆಯೂ ಪಾವತಿ ಮಾಡುವುದಿಲ್ಲ. ದೇಹಕ್ಕೆ ಸೇರುವ ವಸ್ತುವಿಗೆ ಅಷ್ಟಾದರೂ ಎಚ್ಚರ ಬೇಡವೇ?

ಶುದ್ಧವಾದ ಗ್ಲಿಸರಿನ್ ಕೂಡ ಎಲ್ಲರಿಗೂ ಹೊಂದದು. ತಲೆನೋವು, ತಲೆಸುತ್ತು, ಹೊಟ್ಟೆ ಉಬ್ಬರ ಬರುವುದುಂಟು. ಮೂತ್ರಪಿಂಡ ಮತ್ತು ಹೃದಯದ ತೊಂದರೆ, ಅಧಿಕ ರಕ್ತದೊತ್ತಡ, ಸಿಹಿಮೂತ್ರ ರೋಗ, ಅರೆತಲೆನೋವು ಇರುವವರು ಮತ್ತು ಗರ್ಭಿಣಿಯರು ಇದರಿಂದ ದೂರವಿರಬೇಕು. ಗ್ಲಿಸರಾಲಿನೊಡನೆ ಅತಿಯಾಗಿ ನೀರು ಕುಡಿದರೆ ರಕ್ತದ ಉಪ್ಪಿನ ಅಂಶ ಕುಗ್ಗಿ ಬೇರೊಂದು ವಿಪತ್ತಾಗಬಹುದು. ಒಂದು ಗ್ರಾಮಿಗೆ ಸುಮಾರು 4.3 ಕ್ಯಾಲೊರಿಯಂತೆ 60 ಗ್ರಾಂ ಎಂದರೆ 260ರಷ್ಟು ಕ್ಯಾಲೊರಿ. ತೂಕ ಇಳಿಸಲು ಹೊರಟವನು ನಾಲ್ಕೈದು ಇಡ್ಲಿಗಳ ಸತ್ವವನ್ನು ನೀರಿನಲ್ಲಿ ಕುಡಿದಂತಾಯಿತು. ಮಕ್ಕಳ ಕೈಗೆ ಇದು ಸಿಗಲೇಬಾರದು. ಗ್ಲಿಸರಾಲ್ ಬೆರೆಸಿದ ಮಂಜಿನ ಪಾನೀಯಗಳನ್ನು ಕುಡಿದ ಚಿಕ್ಕ ಮಕ್ಕಳಲ್ಲಿ ರಕ್ತದ ಸಕ್ಕರೆ ಇಳಿದು ಮಂಪರು ಕವಿದ ಪ್ರಕರಣಗಳು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ವರದಿಯಾದುವು. ಏಳು ವರ್ಷದೊಳಗಿನವರಿಗೆ ಅಂಥ ಪಾನೀಯ ಕೊಡಬಾರದೆಂದು ಬ್ರಿಟನ್ನಿನ ಆಹಾರ ಸಂಸ್ಥೆ 2025ರಲ್ಲಿ ಸಲಹೆಯಿತ್ತಿತು.

ಅಗತ್ಯವಾದರೂ ಎಷ್ಟು?

ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ನೂರಾರು ತರುಣರ ಮೈಕಟ್ಟನ್ನು ತಿದ್ದಿದ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಪ್ರೊಫೆಸರ್ ಕೆ.ವಿ. ಅಯ್ಯರ್ ಅವರ ಕಾಲದಲ್ಲಿ ಇಂಥ ಡಬ್ಬಿಗಳಿರಲಿಲ್ಲ. ಮೈಸೂರಿನ ಗರಡಿಮನೆಗಳ ಪೈಲ್ವಾನರು ಹಾಲು, ಬಾದಾಮಿ, ತುಪ್ಪಗಳಿಂದ ಮೈ ಬೆಳೆಸಿದರು. ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ದಿನಕ್ಕೊಂದು ಗಂಟೆ ಭಾರ ಎತ್ತುವವನಿಗೆ, ಬೆಳಿಗ್ಗೆ ನಾಲ್ಕು ಮೈಲಿ ನಡೆಯುವವನಿಗೆ ಬೇಕಾದ ನೀರನ್ನು ಒದಗಿಸಲು ಒಂದು ಚೊಂಬು ನೀರು, ಚಿಟಿಕೆ ಉಪ್ಪು ಹಾಕಿದ ನೀರುಮಜ್ಜಿಗೆ ಧಾರಾಳವಾಗಿ ಸಾಕು. ರಾಮನವಮಿಯ ಬಿಸಿಲಿನಲ್ಲಿ ಪಾನಕ, ಮಜ್ಜಿಗೆ ಹಂಚುವ ಪದ್ಧತಿಯನ್ನು ಕಂಡುಕೊಂಡವರಿಗೆ ಈ ಭಾಗದ ಸೆಕೆಯ ಅರಿವು ಚೆನ್ನಾಗಿಯೇ ಇದ್ದಿತು. ಸೆಕೆಯಲ್ಲಿ ಹತ್ತಾರು ಮೈಲಿ ಓಡುವ ಸ್ಪರ್ಧಿಗಳಿಗೆ ಗ್ಲಿಸರಾಲಿನಿಂದ ಪ್ರಯೋಜನವಿರಬಹುದು. ಅವರು ವೈದ್ಯರ ಸಲಹೆ ಪಡೆದು, ಮೊದಲು ಅಭ್ಯಾಸದ ದಿನಗಳಲ್ಲಿ ಸ್ವಲ್ಪ ಪ್ರಮಾಣದಿಂದ ಪರೀಕ್ಷಿಸಿ, ಶುದ್ಧವಾದ ದ್ರವವನ್ನು ಯಥೇಷ್ಟ ನೀರಿನಲ್ಲಿ ಬೆರೆಸಿ ಉಪಯೋಗಿಸಲಿ. ಉಳಿದವರಿಗೆ ದ್ರವವೂ ಬೇಡ, ಪುಡಿಯೂ ಬೇಡ.

ವ್ಯಾಯಾಮಶಾಲೆಯ ಒಡೆಯರಿಗೂ ಇಲ್ಲಿ ಒಂದು ಹೊಣೆಯಿದೆ. ತಮ್ಮ ಶಾಲೆಯಲ್ಲಿ ಮಾರುವ, ಹಂಚುವ ಪ್ರತಿಯೊಂದು ಸೀಸೆಗೂ ಪರೀಕ್ಷೆಯ ಪ್ರಮಾಣಪತ್ರವನ್ನು ತರಿಸಿಟ್ಟುಕೊಂಡು, ಕೇಳಿದವರಿಗೆ ತೋರಿಸುವ ಕ್ರಮವನ್ನು ಅವರು ತಾವಾಗಿಯೇ ಜಾರಿಗೆ ತರಬೇಕು. ಆರೋಗ್ಯ ಶಿಬಿರಗಳನ್ನು ಏರ್ಪಡಿಸುವ ಕನ್ನಡ ಸಂಘಗಳು ರಕ್ತದೊತ್ತಡ, ಸಕ್ಕರೆಗಳ ತಪಾಸಣೆಯ ಜೊತೆಗೆ ಚೀಟಿಯನ್ನು ಓದುವ ಬಗೆಯನ್ನೂ ತರುಣರಿಗೆ ಒಂದು ಗಂಟೆ ಕಲಿಸಿದರೆ ದೊಡ್ಡ ಉಪಕಾರವಾದೀತು. ಹಣ ಕಳೆದುಕೊಂಡವನು ಮತ್ತೆ ಗಳಿಸಬಲ್ಲನು. ಮೂತ್ರಪಿಂಡವನ್ನು ಕಳೆದುಕೊಂಡವನಿಗೆ ಆ ಅವಕಾಶವಿಲ್ಲ. ದ್ರವವೋ ಪುಡಿಯೋ ಎಂದು ವಾದಿಸುವ ತರುಣರು ಮೊದಲು ಸೀಸೆಯನ್ನು ತಿರುಗಿಸಿ ಅದರ ಬೆನ್ನಿನ ಮೇಲಿರುವ ಸಣ್ಣ ಅಕ್ಷರಗಳನ್ನು ಓದುವಂತಾಗಲಿ.